ಗುಡುಗಿನ ಪೆಟ್ಟಿಗೆ ಮತ್ತು ಉಸಿರುಪಾಚಿ

ಹೊಸ ಕುಷ್ಟಗಿಯಲ್ಲಿ ಕಲ್ಲವ್ವನ ಮದುವೆ ಎರಡು ಕೋಣೆಗಳಲ್ಲಿ ನಡೆದಿತ್ತು. ಮದುಮಗಳು ಮೂಡಣ ಕೋಣೆಯಲ್ಲಿ, ಮದುಮಗ ದುರಗಪ್ಪ ಪಡುವಣ ಕೋಣೆಯಲ್ಲಿ, ನಡುವೆ ಗೇಣು ದಪ್ಪದ ಗಾಜು. ಬಂದವರು ಅಕ್ಕಿಕಾಳನ್ನು ಗಾಜಿಗೆ ಎರಚಿ, ಗಾಜಿಗೇ ಹರಸಿ ಹೋದರು. ತಾಳಿ ಕಟ್ಟಲು ಮದುಮಗನನ್ನು ಒಳಗೆ ಬಿಡಬೇಕಾದರೆ ಒಬ್ಬರು ಹೊರಗೆ ಹೋಗಬೇಕಿತ್ತು. ಯಾರೂ ಏಳಲಿಲ್ಲ. ಕೊನೆಗೆ ಮಂತ್ರ ಹೇಳುತ್ತಿದ್ದ ಅಯ್ಯನವರೇ ಎದ್ದು ಹೋದರು. ದುರಗಪ್ಪ ಬಂದ, ಮೂರು ಗಂಟು ಬಿಗಿದ, ಹೆಂಡತಿಯ ಮುಖವನ್ನು ಅರೆಗಳಿಗೆ ನೋಡಿದ, ಹೊರಟ. ಅಯ್ಯನವರು ಮರಳಿ ಬಂದು ಉಳಿದ ಮಂತ್ರ ಮುಗಿಸಿದರು.

ಇದೇನು ಹುಚ್ಚು ಎನ್ನಬೇಡಿ. ಹೊಸ ಕುಷ್ಟಗಿ ಇರುವುದು ಮಂಗಳ ಗ್ರಹದ ಕೆಂಪು ಬಂಡೆಯ ಹೊಟ್ಟೆಯೊಳಗೆ. ಅಲ್ಲಿ ನೀರಿಗೆ ಬರವಿಲ್ಲ, ಬಂಡೆಯ ಕೆಳಗೆ ಬೇಕಾದಷ್ಟು ಹಿಮ ಇದೆ. ಜೋಳಕ್ಕೆ ಬರವಿಲ್ಲ, ದೀಪದ ಬೆಳಕಿನಲ್ಲಿ ಎರಡಾಳೆತ್ತರ ಬೆಳೆದು ಚಾವಣಿಗೆ ತಲೆ ತಾಗಿಸಿಕೊಳ್ಳುತ್ತದೆ. ಬರ ಇರುವುದು ಉಸಿರಿಗೆ. ಊರಿನ ಜನ ಮುನ್ನೂರು, ಕೋಣೆ ಮೂರು, ಒಂದೊಂದಕ್ಕೆ ನೂರು ತಲೆ. ಒಂದು ಕೆಟ್ಟರೆ ಉಳಿದೆರಡು ಬದುಕಲಿ ಎಂದು, ಒಂದರ ಗಾಳಿ ಇನ್ನೊಂದಕ್ಕೆ ಹೋಗದಂತೆ ಕಟ್ಟಿದ್ದರು. ನಡುಮನೆ ಎಂಬ ಕೋಣೆಯೇನೋ ಇಡೀ ಊರು ಕಾಲು ಚಾಚಿ ಕೂರುವಷ್ಟು ದೊಡ್ಡದು, ಆದರೆ ಅದಕ್ಕೂ ಸಿಗುತ್ತಿದ್ದದ್ದು ನೂರು ತಲೆಯ ಗಾಳಿ. ನೂರೊಂದನೆಯವನು ಹೊಸ್ತಿಲಲ್ಲೇ ನಿಲ್ಲಬೇಕು. ಜನ ಮಾತನ್ನು ಪಡಿ ಅಳೆದಂತೆ ಆಡುತ್ತಿದ್ದರು. ಕೂಗುವಂತಿಲ್ಲ, ಕುಣಿಯುವಂತಿಲ್ಲ, ಚಪ್ಪಾಳೆ ಎಂದರೆ ಎರಡು ಬೆರಳಿನದು. ಗಂಡ ಹೆಂಡಿರ ಜಗಳವಂತೂ ಸ್ಲೇಟಿನ ಮೇಲೆ ನಡೆಯುತ್ತಿತ್ತು, ಬಳಪ ಮುರಿದರೆ ಜಗಳ ಮುಗಿಯಿತು.

ಇಂಥ ಊರಿಗೆ ನಾಟಕ ಕಂಪನಿ ಬಂತು. ಮಾಲಕ ಗದ್ಗಯ್ಯನವರು ಅರವತ್ತು ದಾಟಿದರೂ ರಾಜಕುಮಾರನ ಪಾರ್ಟನ್ನು ಯಾರಿಗೂ ಬಿಟ್ಟುಕೊಡದ ಗಟ್ಟಿಗರು. ಪರದೆ, ಕಿರೀಟ, ಹಾರ್ಮೋನಿಯಂ ಹೇರಿಕೊಂಡು ಏಳು ತಿಂಗಳು ಹಡಗಿನಲ್ಲಿ ಕೂತು ಬಂದಿದ್ದರು. ಕಂಪನಿಯ ಮೈಕ್ ನೋಡಿಕೊಳ್ಳುತ್ತಿದ್ದವಳು ನಿಂಬೆವ್ವ, ಕಲ್ಲವ್ವನ ಒಡಹುಟ್ಟಿದ ತಂಗಿ. ಮೂರನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದವಳು. ಆದರೆ ಕಿವಿ ಎಂಥದೆಂದರೆ, ಪರದೆಯ ಹಿಂದೆ ಸೊಳ್ಳೆ ಹಾರಿದರೆ ಯಾವ ಮೈಕಿನ ಹತ್ತಿರ ಹಾರಿತೆಂದು ಹೇಳುತ್ತಿದ್ದಳು. ಅವಳ ಮಿಕ್ಸರ್ ಒಂದು ಹಳೆಯ ತಗಡಿನ ಪೆಟ್ಟಿಗೆ. ಅದರ ದೊಡ್ಡ ಫೇಡರನ್ನು, ಅಂದರೆ ಇಡೀ ದನಿಯನ್ನು ಏರಿಸಿ ಇಳಿಸುವ ಗುಬುಟನ್ನು, ಗದ್ಗಯ್ಯನವರು ಪೂರ್ತಿ ಮೇಲಕ್ಕೆ ತಳ್ಳಿ ಅರಗು ಹಾಕಿ ಕೂರಿಸಿಬಿಟ್ಟಿದ್ದರು. ಕೊನೆಯ ಸಾಲಿನ ಕಿವುಡ ಮುದುಕಿಗೂ ಕೇಳಬೇಕು ಎಂಬುದು ಕಂಪನಿಯ ಕಾನೂನು. ಕೇಳಲಿಲ್ಲವೆಂದರೆ ಏರಿಸು, ಇನ್ನೂ ಕೇಳಲಿಲ್ಲವೆಂದರೆ ಇನ್ನೂ ಏರಿಸು. ಅದಕ್ಕಿಂತ ಹೆಚ್ಚಿನ ವಿದ್ಯೆ ಅವರಿಗೆ ಬೇಕಾಗಿರಲಿಲ್ಲ.

ಹಡಗು ಐದು ದಿನ ನಿಲ್ಲುವುದಿತ್ತು. ಊರಿನ ಪಂಚರು ಮೂರು ಆಟ ಗೊತ್ತು ಮಾಡಿದರು, ಆಟಕ್ಕೆ ನೂರು ಜನ. ಸುದ್ದಿ ಕೇಳಿ ಎಲ್ಲರೂ ಎರಡು ಬೆರಳಿನ ಚಪ್ಪಾಳೆ ತಟ್ಟಿದರು, ಕಲ್ಲವ್ವ ಮಾತ್ರ ತಟ್ಟಲಿಲ್ಲ. ಅವಳು ನಡುಮನೆಯ ಪಾಚಿಗೆ ನೀರು ಹನಿಸುವವಳು, ದುರಗಪ್ಪ ಪಡುವಣದಲ್ಲಿ ಸುರಂಗ ಕೊರೆಯುವವನು. ಮನೆ ಎಂದು ಇದ್ದದ್ದು ಒಂದೇ ಗೂಡಾದರೂ ಪಾಳಿ ಬೇರೆ, ಅವನು ಬರುವಾಗ ಇವಳು ಹೊರಡಬೇಕು. ಮದುವೆಯಾದ ಎಂಟು ವರ್ಷದಲ್ಲಿ ಒಂದು ಹಬ್ಬದೂಟಕ್ಕೂ ಅಕ್ಕಪಕ್ಕ ಕುಳಿತಿರಲಿಲ್ಲ. ನಾಟಕದ ಚೀಟಿಯಲ್ಲೂ ಅವಳದು ಮೊದಲ ಆಟ, ಅವನದು ಮೂರನೆಯದು.

ರೊಟ್ಟಿ ಬಡಿಯುತ್ತ ಅವಳು ತಂಗಿಗೆ ಹೇಳಿದಳು. ಬಡಿಯುವ ಸಪ್ಪಳಕ್ಕೆ ಗಾಳಿ ಖರ್ಚಾಗುವುದಿಲ್ಲ ಎಂದು ಕೈಗೆ ಮಾತ್ರ ಜೋರು ಕೊಟ್ಟಿದ್ದಳು.

"ನಿಂಬೀ, ನನಗ ನಿಮ್ಮ ನಾಟಕ ಬ್ಯಾಡ ತಂಗಿ. ನಮ್ಮ ಮನಿಯಾವ್ರ ಮಗ್ಗಲದಾಗ ಕುಂತು ಒಂದ ಒಂದು ಹಾಡು ಕೇಳಬೇಕು ನೋಡು. ಒಂದ ಸಾಕು."

ನಿಂಬೆವ್ವ ರೊಟ್ಟಿ ಮುರಿದವಳು ಹಾಗೇ ಇಟ್ಟು ಎದ್ದಳು. ನೇರ ಹೋದದ್ದು ಗಾಳಿ ನೋಡಿಕೊಳ್ಳುವ ನದಾಫ್ ಸಾಹೇಬರ ಪ್ರಯೋಗಶಾಲೆಗೆ.

ನದಾಫ್ ಸಾಹೇಬರು ಒಣಕಲು ಮನುಷ್ಯ, ಹಣೆಯ ಮೇಲೊಂದು ಕನ್ನಡಕ, ಮೂಗಿನ ಮೇಲೊಂದು. ನಡುಮನೆಯ ಪಕ್ಕದ ಆ ಕೋಣೆಯಲ್ಲಿ ಗೋಡೆಯುದ್ದಕ್ಕೂ ಒಂದು ಯಂತ್ರವಿತ್ತು. ನೂರಾರು ಸಣ್ಣ ಪೆಟ್ಟಿಗೆ, ಪೆಟ್ಟಿಗೆಯ ತುಂಬ ತೂತು, ತೂತಿನಿಂದ ತೂತಿಗೆ ಬಣ್ಣಬಣ್ಣದ ವೈರು. ಸಾಹೇಬರು ಅದನ್ನು ಮಾಡ್ಯುಲರ್ ಸಿಂಥಸೈಜರ್ ಎನ್ನುತ್ತಿದ್ದರು, ಊರವರು ಕಪಾಟು ಎನ್ನುತ್ತಿದ್ದರು. ಒಂದು ಪೆಟ್ಟಿಗೆ ದನಿ ಹುಟ್ಟಿಸಿದರೆ, ಇನ್ನೊಂದು ಅದನ್ನು ಕತ್ತರಿಸುತ್ತದೆ, ಮತ್ತೊಂದು ಏರಿಸಿ ಇಳಿಸುತ್ತದೆ. ಹೀಗೆ ಹುಟ್ಟಿದ ವಿದ್ಯುತ್ತಿನ ಏರಿಳಿತ ಕೂದಲೆಳೆಯ ತಂತಿಗಳಲ್ಲಿ ಹರಿದು ನಡುಮನೆಯ ಗೋಡೆಗೆ ಹಬ್ಬಿದ ಉಸಿರುಪಾಚಿಗೆ ಮುಟ್ಟುತ್ತದೆ. ಪಾಚಿ ಆ ಏರಿಳಿತಕ್ಕೆ ತಕ್ಕ ಹಾಗೆ ಅರಳಿ ಮುದುಡಿ ಗಾಳಿ ಬಿಡುತ್ತದೆ. ಎಷ್ಟು ತಲೆಗೆ ಗಾಳಿ ಇದೆಯೆಂದು ತೋರಿಸುವ ಮುಳ್ಳೊಂದು ಗೋಡೆಯ ಮೇಲಿತ್ತು. ಎಂಟು ವರ್ಷದಿಂದ ಅದು ನೂರರ ಮೇಲೆ ಕೂತು ಬೇರು ಬಿಟ್ಟಿತ್ತು.

ಪಾಚಿಯನ್ನು ಹೆಚ್ಚು ಉಸಿರಾಡಿಸಲು ಬರುವುದಿಲ್ಲವೇ ಎಂದು ನಿಂಬೆವ್ವ ಕೇಳಿದಳು. ಬರುತ್ತದೆ, ಆದರೆ ಅದಕ್ಕೆ ಬೇಸರ ಬಂದಿದೆ ಎಂದರು ಸಾಹೇಬರು. ಎಂಟು ವರ್ಷದಿಂದ ಒಂದೇ ಗುಂಯ್ ಸದ್ದು ಕೇಳಿಕೊಂಡು ಅರೆನಿದ್ದೆಯಲ್ಲಿ ಉಸಿರಾಡುತ್ತಿದೆ. ಏರಿಳಿತ ಬದಲಾದರೆ ಮೂರು ಪಟ್ಟು ಗಾಳಿ ಬಿಟ್ಟೀತೆಂದು ಅವರ ಲೆಕ್ಕ. ತಾವೇ ವೈರು ಬದಲಿಸಿ ನಾಲ್ಕು ರಾಗ ಕಟ್ಟಿ ನೋಡಿದ್ದರಂತೆ, ಪಾಚಿ ಒಂದು ಸಲ ಆಕಳಿಸಿ ಮತ್ತೆ ಮಲಗಿತಂತೆ.

"ನಾ ಲೆಕ್ಕ ಬಲ್ಲೆ, ಹಾಡು ಎಲ್ಲಿಂದ ತರ್ಲೆವಾ?" ಎಂದರು ಸಾಹೇಬರು.

"ಹಾಡು ನಮ್ಮ ಟ್ರಂಕಿನ್ಯಾಗ ಐತ್ರಿ," ಎಂದಳು ನಿಂಬೆವ್ವ.

ಮರುದಿನ ಬೆಳಿಗ್ಗೆ ಮಿಕ್ಸರನ್ನು ಕಪಾಟಿಗೆ ಜೋಡಿಸಿದರು. ಗದ್ಗಯ್ಯನವರು ಶಾಲು ಹೊದ್ದು ಬಂದು, ಪಾಚಿಗೂ ನಮಸ್ಕಾರ ಮಾಡಿ, ಹಾರ್ಮೋನಿಯಂ ಹಿಡಿದು ಹಾಡಿದರು. ಕೋಣೆ ನಡುಗುವಂತೆ ಹಾಡಿದರು. ಮುಳ್ಳು ಅಲುಗಲಿಲ್ಲ. ಕಪಾಟಿನ ಒಂದು ದೀಪವೂ ಹೊತ್ತಲಿಲ್ಲ. ಹಾಡು ಪಾಚಿಗೆ ಮುಟ್ಟಲೇ ಇಲ್ಲ.

ನಿಂಬೆವ್ವನಿಗೆ ಗೊತ್ತಿದ್ದದ್ದು ಕಂಪನಿಯ ಕಾನೂನು. ಫೇಡರ್ ಅರಗಿನಲ್ಲಿ ಮೊದಲೇ ತುದಿಯಲ್ಲಿತ್ತು. ಅವಳು ಒಳಬರುವ ದನಿಯನ್ನೇ ಹೆಚ್ಚಿಸುವ ಗೇನ್ ಗುಬುಟನ್ನು ತಿರುಗಿಸಿದಳು. ಇನ್ನೂ ತಿರುಗಿಸಿದಳು. ಮಿಕ್ಸರಿನ ಕೆಂಪು ದೀಪಗಳು ಸಾಲಾಗಿ ಹೊತ್ತಿಕೊಂಡವು. ಹಾಡು ಹೋಗಿ, ಹರಿದ ತಗಡನ್ನು ಬಂಡೆಗೆ ಉಜ್ಜಿದಂಥ ಕರ್ಕಶ ಸದ್ದೊಂದು ತಂತಿಗೆ ನುಗ್ಗಿತು. ಪಾಚಿ ಒಮ್ಮೆಲೇ ಮುಟ್ಟಿದರೆ ಮುನಿಯಂತೆ ಮುದುಡಿಕೊಂಡಿತು. ಮುಳ್ಳು ತೊಂಬತ್ತಕ್ಕೆ ಇಳಿಯಿತು, ಎಂಬತ್ತಕ್ಕೆ ಇಳಿಯಿತು, ಎಪ್ಪತ್ತರಲ್ಲಿ ನಿಂತಿತು. ಗಂಟೆ ಬಾರಿಸಿತು.

ಪಂಚರ ಅಪ್ಪಣೆಯಾಯಿತು. ಪಾಚಿ ಮರಳಿ ಅರಳುವವರೆಗೆ ನಡುಮನೆಯ ಕಡೆಯವರು ಯಾರೂ ಬಾಯಿ ತೆರೆಯುವಂತಿಲ್ಲ, ಓಡುವಂತಿಲ್ಲ. ಮೂರೂ ಆಟ ರದ್ದು. ಗದ್ಗಯ್ಯನವರಿಗೆ ಕೆಂಡದಂಥ ಸಿಟ್ಟು ಬಂತು. ಬೈಯಲು ಗಾಳಿ ಇಲ್ಲದ್ದರಿಂದ ಹುಬ್ಬು, ಮೀಸೆ, ಎರಡು ಕೈ ಬಳಸಿ ನಿಂಬೆವ್ವನಿಗೆ ಅರ್ಧ ಗಂಟೆ ಬೈದರು. ಅವರ ಜೀವಮಾನದ ಅಭಿನಯದಲ್ಲಿ ಅದೇ ಶ್ರೇಷ್ಠ ಎಂದು ನೋಡಿದವರು ಆಮೇಲೆ ಹೇಳಿದರು.

ಮಧ್ಯಾಹ್ನದ ಊಟ ಕಲ್ಲವ್ವನ ಗೂಡಿನಲ್ಲಿ. ಉದ್ದನೆಯ ಪಂಕ್ತಿ, ಮೂಕ ಪಂಕ್ತಿ. ಕಲ್ಲವ್ವ ತಂಗಿಯ ತಾಟಿಗೆ ಬೆಣ್ಣೆ ಜಾಸ್ತಿ ಹಾಕಿದಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಪಂಕ್ತಿಯ ತುದಿಯಲ್ಲಿ ಕೂತಿದ್ದವರು ಪಾಂಡೋಬಾ ಮಾಸ್ತರು, ಕಂಪನಿಯ ಪ್ರಾಂಪ್ಟರು. ನಲವತ್ತು ವರ್ಷ ಪರದೆಯ ಮರೆಯಲ್ಲಿ ನಿಂತು, ನಟರು ಮರೆತ ಮಾತನ್ನು ಪಿಸುದನಿಯಲ್ಲಿ ಎತ್ತಿಕೊಟ್ಟು ಕೊಟ್ಟು, ಅವರಿಗೆ ಪಿಸುದನಿ ಬಿಟ್ಟು ಬೇರೆ ದನಿಯೇ ಉಳಿದಿರಲಿಲ್ಲ. ನಡುಮನೆಯ ಕಡೆಗೆಲ್ಲ ಮೌನದ ಅಪ್ಪಣೆಯಾದರೂ ಅವರಿಗೆ ಏನೂ ವ್ಯತ್ಯಾಸವಾಗಲಿಲ್ಲ.

ಪಾಂಡೋಬಾ ಮಾಸ್ತರಿಗೆ ಪಲ್ಯ ಬೇಕಾಯಿತು. ಕಲ್ಲವ್ವ ಆ ತುದಿಯಲ್ಲಿ. "ಪಲ್ಯ ತಾರಮ್ಮಾ" ಎಂದು ಅವರು ಪಿಸುಗುಟ್ಟಿದರು. ಅದು ಅವಳಿಗೆ ಹೇಗೆ ಕೇಳಬೇಕು? ಆದರೆ ನಡುವೆ ಗದ್ಗಯ್ಯನವರು ಕೂತಿದ್ದರು. ಪಾಂಡೋಬಾನ ಪಿಸುಮಾತು ಕಿವಿಗೆ ಬಿದ್ದರೆ ಅದನ್ನು ಎತ್ತಿ ಆಡಲೇಬೇಕೆಂಬ ಮೂವತ್ತು ವರ್ಷದ ರೂಢಿ. ತುತ್ತು ಬಾಯಲ್ಲಿದ್ದ ಹಾಗೇ ತಲೆ ಎತ್ತಿ, ಎಡಗೈ ಚಾಚಿ, ಸಿಂಹದಂತೆ ಗರ್ಜಿಸಿದರು.

"ಪಲ್ಯ ತಾರಮ್ಮಾ!"

ಹೊರಗೆ ಮತ್ತೆ ಗಂಟೆ ಬಾರಿಸಿತು. ಗದ್ಗಯ್ಯನವರು ನಾಲಿಗೆ ಕಚ್ಚಿಕೊಂಡರು. ನಿಂಬೆವ್ವ ಮಾತ್ರ ಅಪ್ಪಣೆಯನ್ನೂ ಮರೆತು, ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಹಿಡಿದು ಪ್ರಯೋಗಶಾಲೆಗೆ ಓಡಿದಳು. ಮಂಗಳದಲ್ಲಿ ಮೈ ಹಗುರ, ಒಂದೊಂದು ಹೆಜ್ಜೆಗೆ ಎರಡು ಮಾರು ಹಾರುತ್ತ ಹೋದಳು.

"ಸಾಹೇಬ್ರ, ತಪ್ಪು ನಂದ್ರಿ," ಎಂದಳು ಏದುಸಿರಿನಲ್ಲಿ. "ಮಿಕ್ಸರ್ ಅಂದ್ರ ನಮ್ಮ ಪ್ರಾಂಪ್ಟರ್ ಇದ್ದಂಗ. ಅದರ ಗಂಟಲ ಅಷ್ಟ. ಅದನ್ನ ಹಿಡದು ಒದರು ಒದರು ಅಂದ್ರ ಗಂಟಲ ಹರಕೋತೈತಿ. ನಿಮ್ಮ ಕಪಾಟು ಕೊನೀ ಸಾಲಿನ ಮುದುಕಿ. ಪಿಸುಮಾತು ಅಕಿಗೆ ಮುಟ್ಟೂದಿಲ್ಲ. ನಡುವ ಒಬ್ಬ ನಟ ಬೇಕ್ರಿ."

ಸಾಹೇಬರು ಹಣೆಯ ಕನ್ನಡಕವನ್ನು ಮೂಗಿಗೂ ಮೂಗಿನದನ್ನು ಹಣೆಗೂ ಬದಲಿಸಿ ವೋಲ್ಟ್ ಮೀಟರ್ ಹಿಡಿದರು. ಕಪಾಟಿನ ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಆಡುವ ಮಾತು ಐದು ವೋಲ್ಟ್ ಮೇಲೆ, ಐದು ವೋಲ್ಟ್ ಕೆಳಗೆ, ಒಟ್ಟು ಹತ್ತು. ಎರಡೂವರೆಗಿಂತ ಕಡಿಮೆ ಬಂದದ್ದನ್ನು ಅವು ಮಾತೆಂದೇ ಎಣಿಸುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಮಿಕ್ಸರ್ ಸ್ವಚ್ಛವಾಗಿ ಆಡುವ ಮಾತು ಒಂದೂಕಾಲು ವೋಲ್ಟ್. ಅದರಾಚೆಗೆ ತಳ್ಳಿದರೆ ಅಲೆಯ ತಲೆಯೂ ಬುಡವೂ ಕತ್ತರಿಸಿ ಹೋಗಿ ಹರಕು ಸದ್ದಾಗುತ್ತದೆ. ಹತ್ತನ್ನು ಒಂದೂಕಾಲಿಂದ ಭಾಗಿಸಿದರೆ ಎಂಟು. ಎಂಟು ಪಟ್ಟು ಹಿಗ್ಗಿಸುವ ಒಂದು ಸಣ್ಣ ಆಂಪ್ಲಿಫೈಯರ್ ನಡುವೆ ಕೂತರೆ ಸಾಕಿತ್ತು. ಅಂಥದೊಂದು ಉಗ್ರಾಣದಲ್ಲಿ ಇರಲಿಲ್ಲ. ಭೂಮಿಯಿಂದ ಬರಬೇಕೆಂದರೆ ಎರಡು ವರ್ಷ.

ಆದರೆ ಕಂಪನಿಯಲ್ಲಿ ಒಂದು ಇತ್ತು. ಗುಡುಗಿನ ಪೆಟ್ಟಿಗೆ. ತಗಡಿನ ಹಾಳೆಗೆ ಮೈಕ್ ಕಟ್ಟಿ, ತಗಡನ್ನು ಅಲ್ಲಾಡಿಸಿದಾಗ ಬರುವ ಸಪ್ಪಳವನ್ನು ಈ ಪೆಟ್ಟಿಗೆ ಹಿಗ್ಗಿಸುತ್ತಿತ್ತು. ಗದ್ಗಯ್ಯನವರು ರಂಗಕ್ಕೆ ಬರುವ ಮೊದಲು ಗುಡುಗಬೇಕು. ಗುಡುಗಿಲ್ಲದೆ ಅವರು ಒಂದು ದಿನವೂ ಬಂದವರಲ್ಲ. ಹೆಂಡತಿಯ ತವರಿಗೆ ಹೋಗುವಾಗಲೂ ಒಯ್ದಿದ್ದರೆಂದು ಕಂಪನಿಯಲ್ಲಿ ಹಾಸ್ಯ ಮಾಡುತ್ತಿದ್ದರು.

ಪೆಟ್ಟಿಗೆ ಕೊಡುವುದಿಲ್ಲ ಎಂದರು ಗದ್ಗಯ್ಯನವರು. ಫೇಡರಿನ ಅರಗು ಒಡೆದು ದನಿಯ ಲೆವೆಲ್ ಇಳಿಸಬೇಕೆಂದು ನಿಂಬೆವ್ವ ಹೇಳಿದಾಗಂತೂ ಕಿವಿ ಮುಚ್ಚಿಕೊಂಡರು. ಇಳಿಸುವುದೆಂದರೇನು, ತಮ್ಮ ತಂದೆಯ ಕಾಲದಿಂದ ಇಳಿಸಿದ್ದಿಲ್ಲ. ಗುಡುಗೂ ಇಲ್ಲ, ಲೆವೆಲ್ಲೂ ಇಲ್ಲ ಎಂದರೆ ರಾಜಕುಮಾರ ಬಂದನೋ ಅಂಚೆಯವ ಬಂದನೋ ಯಾರಿಗೆ ತಿಳಿಯಬೇಕು?

ಕಲ್ಲವ್ವ ಬಾಗಿಲಲ್ಲಿ ನಿಂತಿದ್ದಳು. ಮುಳ್ಳು ಆಗಷ್ಟೇ ನೂರಕ್ಕೆ ಮರಳಿತ್ತು, ಅವಳ ಪಾಲಿನ ಮಾತೂ ಮರಳಿತ್ತು. ಅದನ್ನೆಲ್ಲ ಒಂದೇ ಸಲಕ್ಕೆ ಖರ್ಚು ಮಾಡಿದಳು.

"ಮಾಲಕ್ರ, ಕೊನೀ ಸಾಲಿನ ಮುದುಕಿಗೂ ಕೇಳಬೇಕು ಅಂತೀರಲ್ಲ, ನಮ್ಮೂರಾಗ ಕೊನೀ ಸಾಲು ಎಲ್ಲೈತಿ ಗೊತ್ತೇನ್ರಿ? ಗಾಜಿನ ಆಚೀಕಡೆ ಐತಿ. ಎಂಟು ವರ್ಷದಿಂದ ಅಲ್ಲೇ ಕುಂತೈತಿ."

ಗದ್ಗಯ್ಯನವರು ಟ್ರಂಕು ತೆರೆದು, ಗುಡುಗಿನ ಪೆಟ್ಟಿಗೆಯ ಧೂಳನ್ನು ಶಾಲಿನಿಂದ ಒರೆಸಿ ನಿಂಬೆವ್ವನ ಕೈಯಲ್ಲಿಟ್ಟರು. ಅರಗು ಒಡೆಯುವಾಗ ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು.

ನಿಂಬೆವ್ವ ಲಟ್ಟಣಿಗೆಯ ತುದಿಯಿಂದ ಅರಗನ್ನು ಕುಟ್ಟಿದಳು. ಫೇಡರನ್ನು ಮೊದಲು ಕೆಳಗಿಳಿಸಿದಳು, ಕೆಂಪು ದೀಪ ಒಂದೂ ಹೊತ್ತದ ಜಾಗದವರೆಗೆ. ಅಲ್ಲಿ ದನಿ ಕೆರೆಯ ನೀರಿನಂತೆ ತಿಳಿಯಾಗಿತ್ತು. ಆ ತಿಳಿಯಾದ ಪಿಸುಮಾತನ್ನು ಗುಡುಗಿನ ಪೆಟ್ಟಿಗೆಗೆ ಕೊಟ್ಟಳು. ಪೆಟ್ಟಿಗೆಗೆ ಸಾಹೇಬರು ಕಪಾಟಿನಿಂದಲೇ ಕರೆಂಟು ಕೊಟ್ಟರು, ಹತ್ತು ವೋಲ್ಟ್ ಎತ್ತಲು ತೋಳಿನಲ್ಲಿ ಬಲ ಬೇಕಲ್ಲ. ಎಂಟು ಪಟ್ಟಾದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದರು. ಪಾಚಿಯ ಉಸಿರಿನ ಏರಿಳಿತವನ್ನು ನಿಂಬೆವ್ವ ತನ್ನ ಮಿಕ್ಸರಿನಲ್ಲೂ ನೋಡುತ್ತಿರಲಿ ಎಂದು ಸಾಹೇಬರು ಕಪಾಟಿನಿಂದ ಮಿಕ್ಸರಿಗೆ ಒಂದು ವೈರು ಮರಳಿ ತಂದರು. ನಿಂಬೆವ್ವ ಅವರ ಕೈ ಹಿಡಿದಳು.

"ತಡೀರಿ ಸಾಹೇಬ್ರ. ನಟ ಬಂದು ಪ್ರಾಂಪ್ಟರ್ ಕಿವ್ಯಾಗ ಒದರಿದ್ರ ಮಾಸ್ತರ ಜೀವಾನ ಹೋಗತೈತಿ. ಬರೂ ಹಾದ್ಯಾಗ ಎಂಟರಾಗ ಒಂದು ಪಾಲು ಮಾಡ್ರಿ."

ಸಾಹೇಬರು ನಗುತ್ತ ಕಪಾಟಿನ ಒಂದು ತಗ್ಗಿಸುವ ಗುಬುಟನ್ನು ಆ ವೈರಿನ ನಡುವೆ ಹಾಕಿ, ಎಂಟರಲ್ಲಿ ಒಂದು ಪಾಲಿಗೆ ತಿರುಗಿಸಿದರು. ಎಂಟು ವರ್ಷ ಓದಿ ಕಲಿತದ್ದನ್ನು ಇವಳು ಪಲ್ಯದ ಬುಟ್ಟಿಯಲ್ಲಿ ಕಂಡಳಲ್ಲ ಎಂದು ಅವರು ಮುಂದೆ ಹೇಳಿಕೊಂಡು ತಿರುಗುತ್ತಿದ್ದರು.

ಗದ್ಗಯ್ಯನವರು ಹಾಡಿದರು. ಈ ಸಲ ಮೆಲ್ಲಗೆ. ಕಪಾಟಿನ ದೀಪಗಳು ಒಂದೊಂದಾಗಿ ಕಣ್ಣು ಬಿಟ್ಟವು. ಪಾಚಿ ಮೊದಲು ಅಂಚಿನಲ್ಲಿ ನಡುಗಿತು, ಆಮೇಲೆ ಇಡೀ ಗೋಡೆ ಗಾಳಿ ಬೀಸಿದ ನೆಲ್ಲಿನ ಗದ್ದೆಯಂತೆ ತೂಗಿತು. ಮುಳ್ಳು ಬೇರು ಕಿತ್ತುಕೊಂಡು ಎದ್ದಿತು. ನೂರೈವತ್ತು. ಇನ್ನೂರು. ಪಲ್ಲವಿ ಎರಡನೆಯ ಸಲ ಬರುವ ಹೊತ್ತಿಗೆ ಮುನ್ನೂರ ಇಪ್ಪತ್ತು. ಪಂಚರು ಬಂದು ಮುಳ್ಳನ್ನು ನೋಡಿದರು, ಬೆರಳಿನಿಂದ ತಟ್ಟಿ ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ಹಡಗು ಹೊರಡುವ ಹಿಂದಿನ ದಿನ ಮಧ್ಯಾಹ್ನಕ್ಕೆ ಒಂದೇ ಆಟ, ಇಡೀ ಊರಿಗೆ ಎಂದು ಗೊತ್ತಾಯಿತು.

ಆ ಮಧ್ಯಾಹ್ನ ನಡುಮನೆಯ ಬಾಗಿಲು ಪೂರ್ತಿ ತೆರೆದರು. ಮೊದಲ ನೂರು ಜನ ಬಂದು ಕೂತರು. ನೂರೊಂದನೆಯವನಾಗಿ ಬಂದವನು ದುರಗಪ್ಪ. ಹೊಸ್ತಿಲ ಬಳಿ ಬಂದವನು ಒಂದು ಕಾಲು ಎತ್ತಿ ಹಾಗೇ ನಿಂತ. ಹಿಂದಿನವರೂ ನಿಂತರು. ಮುಳ್ಳು ಮುನ್ನೂರಿದ್ದರೇನು, ಕಾಲಿಗೆ ಗೊತ್ತಿರಬೇಕಲ್ಲ. ಮೂರನೆಯ ಸಾಲಿನಿಂದ ಕಲ್ಲವ್ವ ಎದ್ದಳು. ಅವಳು ಕೈಸನ್ನೆ ಮಾಡಲಿಲ್ಲ, ಸ್ಲೇಟು ಎತ್ತಲಿಲ್ಲ.

"ಯಾಕ ಕೊಕ್ಕರೆಗತೆ ನಿಂತೀ? ಬಾ ಇಲ್ಲೆ."

ದುರಗಪ್ಪ ಕಾಲು ಒಳಗಿಟ್ಟ. ಅವನ ಹಿಂದೆ ಊರು ಒಳಗೆ ಬಂತು.

ಮೂರನೆಯ ಬೆಲ್ ಆಯಿತು. ಪರದೆ ಎದ್ದಿತು. ನಾಂದಿಗೆ ಪಾಚಿ ಎಷ್ಟು ಉಸಿರು ಬಿಟ್ಟಿತೆಂದರೆ ಮುಂದಿನ ಸಾಲಿನವರ ತಲೆಗೂದಲು ಹಾರಿತು, ಮೊದಲ ಮಳೆ ಬಿದ್ದ ನೆಲದ ವಾಸನೆ ಕೋಣೆ ತುಂಬಿತು. ಈಗ ರಾಜಕುಮಾರ ಬರಬೇಕು. ಗುಡುಗಿಲ್ಲ. ಗದ್ಗಯ್ಯನವರು ಮರೆಯಲ್ಲಿ ಕಿರೀಟ ಹಿಡಿದು ಬೆವರುತ್ತ ನಿಂತಿದ್ದು ನಿಂಬೆವ್ವನಿಗೆ ಕಾಣುತ್ತಿತ್ತು. ಅವಳಿಗೂ ಉಪಾಯ ಹೊಳೆಯಲಿಲ್ಲ. ಅಷ್ಟರಲ್ಲಿ ಪಡುವಣದ ಸುರಂಗದವರ ಸಾಲಿನಲ್ಲಿ ಯಾರೋ ಒಬ್ಬರು ನೆಲಕ್ಕೆ ಕಾಲು ಅಪ್ಪಳಿಸಿದರು. ಪಕ್ಕದವನೂ ಅಪ್ಪಳಿಸಿದ. ಎಂಟು ವರ್ಷ ಮೆಲ್ಲಗೆ ಇಟ್ಟ ಆರುನೂರು ಕಾಲುಗಳು ಒಟ್ಟಿಗೆ ಬಂಡೆಯ ಮೇಲೆ ಬಿದ್ದವು. ಅಂಥ ಗುಡುಗನ್ನು ಯಾವ ಪೆಟ್ಟಿಗೆಯೂ ಗುಡುಗಿದ್ದಿಲ್ಲ. ಗದ್ಗಯ್ಯನವರು ಒಂದೇ ನೆಗೆತಕ್ಕೆ ರಂಗದ ನಡುವಿಗೆ ಬಂದಿಳಿದರು, ಹೊಟ್ಟೆ ಅರೆಗಳಿಗೆ ತಡವಾಗಿ ಇಳಿಯಿತು.

ಕೊನೆಯ ಅಂಕದಲ್ಲಿ ರಾಜಕುಮಾರನ ಮದುವೆ. ಕಂಪನಿಯ ಪದ್ಧತಿಯಂತೆ ಪ್ರೇಕ್ಷಕರಿಗೆಲ್ಲ ಮುಷ್ಟಿ ಅಕ್ಕಿಕಾಳು ಹಂಚಿದ್ದರು, ಮಂಗಳದ ಹಾಡಿಗೆ ರಂಗದ ಮೇಲೆ ಎರಚಲೆಂದು. ಗದ್ಗಯ್ಯನವರು ಆ ಹಾಡನ್ನು ಕಣ್ಣು ಮುಚ್ಚಿ ಹಾಡಿದರು. ಮುಗಿಯಿತು. ಜನ ರೂಢಿಯಂತೆ ಎರಡು ಬೆರಳು ತಟ್ಟಿ ಸುಮ್ಮನಾದರು.

ಆ ಮೌನದಲ್ಲಿ ನಿಂಬೆವ್ವನ ಮಿಕ್ಸರಿನ ಮುಳ್ಳು ತಾನಾಗಿ ಅಲ್ಲಾಡಿತು. ಕಪಾಟಿನಿಂದ ಮರಳಿ ಬರುತ್ತಿದ್ದ ವೈರಿನದು. ಸ್ಪೀಕರಿನಲ್ಲಿ, ಪಾಂಡೋಬಾ ಮಾಸ್ತರ ಪಿಸುದನಿಯಷ್ಟು ಮೆತ್ತಗೆ, ಹಾಡಿನ ಕೊನೆಯ ಸಾಲಿನ ಏರಿಳಿತ ಇನ್ನೊಮ್ಮೆ ಕೇಳಿಸಿತು. ಯಾರೂ ಹಾಡುತ್ತಿರಲಿಲ್ಲ. ಗೋಡೆಯ ಪಾಚಿ ಮಾತ್ರ ಅದೇ ಲಯದಲ್ಲಿ ಅರಳಿ ಮುದುಡುತ್ತಿತ್ತು. ನದಾಫ್ ಸಾಹೇಬರು ಎರಡೂ ಕನ್ನಡಕ ತೆಗೆದುಬಿಟ್ಟರು.

ಪಾಚಿ ಏನು ಬೇಡುತ್ತಿದೆ ಎಂಬುದು ಕಲ್ಲವ್ವನಿಗೆ ಮೊದಲು ತಿಳಿಯಿತು. ಎಂಟು ವರ್ಷ ನೀರು ಹನಿಸಿದವಳಲ್ಲವೇ. ಎದ್ದು ನಿಂತು, ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದಳು.

"ಒನ್ಸ್ ಮೋರ್!"

ದುರಗಪ್ಪ ಅವಳ ಸೆರಗು ಜಗ್ಗಿದ, ಗಾಳಿ ತೀರೀತು, ಸಾವಕಾಶ ಎಂದ. ತೀರಿದರೆ ಹಾಡು ಮತ್ತೆ ಕೊಡುತ್ತದೆ, ನೀನೂ ಕೂಗು ಎಂದಳು ಅವಳು. ಅವನು ಕೂಗಿದ. ಮುನ್ನೂರು ಗಂಟಲು ಕೂಗಿದವು. ಗದ್ಗಯ್ಯನವರು ಮತ್ತೆ ಹಾಡಿದರು, ಪಾಚಿ ಮತ್ತೆ ತೂಗಿತು. ಅಕ್ಕಿಕಾಳು ಎರಚುವ ಸಾಲು ಬಂದಾಗ ಮಾತ್ರ ಒಬ್ಬರೂ ರಂಗದ ಕಡೆ ನೋಡಲಿಲ್ಲ. ಎಲ್ಲರೂ ಮೂರನೆಯ ಸಾಲಿನ ಕಡೆ ತಿರುಗಿ, ಮುಷ್ಟಿ ಬಿಚ್ಚಿ, ಅಲ್ಲಿ ಅಕ್ಕಪಕ್ಕ ಕೂತಿದ್ದ ಗಂಡ ಹೆಂಡಿರ ಮೇಲೆ ಎರಚಿದರು. ನಡುವೆ ಗಾಜು ಇರಲಿಲ್ಲ. ಮಂಗಳದಲ್ಲಿ ಎಲ್ಲವೂ ಹಗುರ, ಕಾಳು ಮೆಲ್ಲಗೆ ಇಳಿಯುತ್ತವೆ. ಹಾಡು ಮುಗಿಯುವವರೆಗೂ ಇಳಿಯುತ್ತಲೇ ಇದ್ದವು.

ಒಂದು ಕಾಳು ದಾರಿ ತಪ್ಪಿ ನಿಂಬೆವ್ವನ ಮಿಕ್ಸರಿಗೆ ಬಂದು, ಅರಗು ಒಡೆದ ಫೇಡರಿನ ಸೀಳಿನಲ್ಲಿ ಸಿಕ್ಕಿಕೊಂಡಿತು. ಅಂದಿನಿಂದ ಆ ಫೇಡರ್ ಪೂರ್ತಿ ಮೇಲಕ್ಕೆ ಹೋಗುವುದಿಲ್ಲ. ಗದ್ಗಯ್ಯನವರು ಊರೂರಲ್ಲೂ ಕೇಳುತ್ತಾರೆ, ಆ ಕಾಳು ತೆಗೆಯಬಾರದೇನು ಎಂದು. ನಿಂಬೆವ್ವ ನಾಳೆ ತೆಗೆಯುತ್ತೇನೆ ಎನ್ನುತ್ತಾಳೆ.